ಕಥೆಯೋ, ಕರಪತ್ರವೋ?

ಪ್ರಶ್ನೆ: ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಬಗ್ಗೆ ಕಥೆ ಬರೆದಿದ್ದೇನೆ. ಗ್ಯಾಂಗ್ ಕರೆತರುವ ಮುಕಾದಮನಿಂದ ಮುಂಗಡ ಪಡೆದ ಗಂಡ-ಹೆಂಡತಿಯ ಕಥೆ. ಕೊನೆಗೆ ಗಂಡ ಎದ್ದು ನಿಂತು ಎಲ್ಲರೆದುರು ಮಾತಾಡುತ್ತಾನೆ. ಓದಿದ ಹಿರಿಯರೊಬ್ಬರು, 'ಇದು ಸಾಹಿತ್ಯವಲ್ಲ, ಕರಪತ್ರ. ರಾಜಕೀಯ ಬಿಟ್ಟು ಬರಿ' ಎಂದರು. ಬಿಡಬೇಕೇ?
– ಓದುಗರು, ಅಂಕಲಗಿ

ಉತ್ತರ: ಬಿಡಬೇಡಿ. ನಿಮ್ಮ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಇಂಥ ಮಾತಿಗೆ ಕಿವಿಗೊಟ್ಟಿದ್ದರೆ ಕನ್ನಡ ಕಾದಂಬರಿಗೆ ದೊಡ್ಡ ನಷ್ಟವಾಗುತ್ತಿತ್ತು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು ಅವರು. ಆ ಹೋರಾಟವನ್ನೇ 'ಮಾಡಿ ಮಡಿದವರು' ಕಾದಂಬರಿಯಾಗಿ ಬರೆದರು. 'ಜರತಾರಿ ಜಗದ್ಗುರು'ವಿನಲ್ಲಿ ಮಠದೊಳಗಿನ ಡಾಂಭಿಕತೆಯನ್ನು ಬಯಲಿಗೆಳೆದರು. ಊರೂರಿಗೂ ಮಠವಿರುವ ಸೀಮೆಯವರು ಹಾಗೆ ಬರೆಯಲು ಎಂಥ ಎದೆಗಾರಿಕೆ ಬೇಕು! 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿಯೂ ಬಂತು.

ಆದರೆ ಆ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕಟ್ಟೀಮನಿಯವರಂಥ ಪ್ರಗತಿಶೀಲ ಲೇಖಕರ ಬಳಗದ ಅನೇಕ ಕಥೆಗಳಲ್ಲಿ ಕೆಟ್ಟವನು ಮೊದಲ ಪುಟದಿಂದಲೇ ಕೆಟ್ಟವನು. ಓದುಗನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ನಿಮ್ಮ ಮುಕಾದಮನನ್ನೇ ನೋಡಿ: ಅವನೂ ಮೇಲಿನವರಿಂದ ಹಣ ಎತ್ತಿರುತ್ತಾನೆ, ಗ್ಯಾಂಗ್ ಓಡಿಹೋದರೆ ಅವನ ಕುತ್ತಿಗೆಗೇ ಬರುತ್ತದೆ. ರಾತ್ರಿ ಎದ್ದು ಜೋಪಡಿಗಳಲ್ಲಿ ತಲೆ ಎಣಿಸುವ ಅವನ ಹೆದರಿಕೆಯನ್ನೂ ಬರೆಯಿರಿ. ಹೆಂಡತಿ ಹೊರೆ ಹೊತ್ತು ಹಲಗೆ ಏರಿ ಟ್ರಾಲಿ ತುಂಬುವುದನ್ನು, ಕಬ್ಬಿನ ರವದಿಯ ಮೇಲೆ ಮಲಗಿದ ಕೂಸಿನ ಕಡೆ ಅವಳ ಕಣ್ಣು ಹೊರಳುವುದನ್ನು ಬರೆಯಿರಿ. ಅವಳು ಜ್ವರ ಬಂದು ಮಲಗಿದ ದಿನದ ಕೂಲಿ ಯಾರ ಲೆಕ್ಕಕ್ಕೆ ಬಿತ್ತು? ಅದು ಕಥೆಯಲ್ಲಿ ಬಂದರೆ ಗಂಡನ ಭಾಷಣ ಬೇಕಾಗುವುದಿಲ್ಲ. ಆ ಭಾಷಣವನ್ನು ತೆಗೆದುಹಾಕಿ.

ಪ್ರಶ್ನೆ: ಶ್ರೀಕೃಷ್ಣ ಪಾರಿಜಾತದಂಥ ಭಕ್ತಿಯ ಆಟದಲ್ಲಿ ಜಾತಿ, ವರ್ಗ ಹುಡುಕುವುದು ಸರಿಯೇ?
– ಓದುಗರು, ಮೂಡಲಗಿ

ಉತ್ತರ: ಪದಗಳಲ್ಲಿ ಮಾತ್ರ ಹುಡುಕಿದರೆ ಅಷ್ಟೇನೂ ಸಿಗದು, ಆಡುವವರತ್ತ ನೋಡಿ. ಈ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಹೆಸರು ನಿಮಗೆ ಗೊತ್ತೇ ಇದೆ. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಈ ಆಟದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಮಾಡಿದರು. ರಂಗವೇರಿದ ಹೆಣ್ಣಿಗೆ ರಾತ್ರಿ ಚಪ್ಪಾಳೆ, ಬೆಳಗಾದರೆ ಚುಚ್ಚುಮಾತು ಎಂಬಂಥ ಕಾಲ ಅದು. ನಿಮ್ಮೂರಿನ ಹಳೆಯ ಕಲಾವಿದರು ಇನ್ನೂ ಇದ್ದರೆ ಇವತ್ತೇ ಹೋಗಿ ಕಾಣಿ. ಆಟ ಮುಗಿದ ಮೇಲೆ ಅವರಿಗೆ ಊಟ ಎಲ್ಲಿ ಬಡಿಸುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ.