ಸೀಟು ಹಂಚಿಕೆಗೆ ಕಾಯುವ ದಿನಗಳು: ಹಾಲು ಉತ್ಪಾದಕರ ಮನೆಯಲ್ಲಿ ಆಗಬೇಕಾದ ಕೆಲಸಗಳು



ಪ್ರತಿ ವರ್ಷ ಬೇಸಿಗೆ ಮುಗಿದು ಮುಂಗಾರು ಹಿಡಿಯುವ ಹೊತ್ತಿಗೆ, ಹಸುವಿನ ಚಿಕಿತ್ಸೆಗೆಂದು ಹೋದ ಮನೆಗಳಲ್ಲಿ ನನಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. "ಸಾರ್, ಮಗಳು ಸಿಇಟಿ ಬರೆದಿದ್ದಾಳೆ. ಸೀಟು ಸಿಗುತ್ತದೆಯೇ? ಯಾವಾಗ ಗೊತ್ತಾಗುತ್ತದೆ?" ಕೆಚ್ಚಲು ಬಾವಿನ ಔಷಧಿಗಿಂತ ಈ ಪ್ರಶ್ನೆಗೆ ಉತ್ತರ ಹೇಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಮೇವು, ರೋಗಗಳ ವಿಚಾರವನ್ನು ಪಕ್ಕಕ್ಕಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ತಾವು ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ಮಾರನೆಯ ದಿನವೇ ಗಬ್ಬ ನಿಂತಿದೆಯೇ ಎಂದು ಯಾರನ್ನೂ ಕೇಳುವುದಿಲ್ಲ. 21ನೆಯ ದಿನದ ಆಸುಪಾಸಿನಲ್ಲಿ ಬೆದೆ ಮರುಕಳಿಸಿತೇ ಎಂದು ನೋಡುತ್ತೀರಿ. ಎರಡು ಮೂರು ತಿಂಗಳಿಗೆ ಗರ್ಭ ಪರೀಕ್ಷೆ ಮಾಡಿಸುತ್ತೀರಿ. ನಡುವಿನ ದಿನಗಳಲ್ಲಿ ಸುಮ್ಮನೆ ಕೂರದೆ ಮೇವು, ಹಿಂಡಿ, ಖನಿಜ ಮಿಶ್ರಣ ಕೊಡುತ್ತೀರಿ. ನಾನು ಮಕ್ಕಳನ್ನು ಹಸುವಿಗೆ ಹೋಲಿಸುತ್ತಿಲ್ಲ, ಕಾಯುವ ಕೆಲಸವನ್ನು ಹೋಲಿಸುತ್ತಿದ್ದೇನೆ. ಸೀಟಿಗೆ ಕಾಯುವಾಗಲೂ ಹಂತಗಳಿವೆ. ಪ್ರತಿ ಹಂತದಲ್ಲಿ ನೋಡಬೇಕಾದ ಗುರುತುಗಳಿವೆ, ಮಾಡಬೇಕಾದ ಕೆಲಸಗಳಿವೆ.

ಸೀಟು ಕೊಡುವವರು ಯಾರು?

ನಮ್ಮ ರಾಜ್ಯದಲ್ಲಿ ವೃತ್ತಿ ಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, 1994ರಿಂದ ನಡೆಯುತ್ತಿದೆ. ಈಗ ಅದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಇವು ಪಾಠ ಹೇಳಿ ಪದವಿ ಕೊಡುತ್ತವೆ. ಆದರೆ ರಾಜ್ಯದ ಪಾಲಿನ ಸೀಟುಗಳನ್ನು ಹಂಚುವುದು ಪ್ರಾಧಿಕಾರ. ಪಶುವೈದ್ಯ ಪದವಿಯಲ್ಲಿ ಶೇಕಡಾ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವಕ್ಕೆ ನೀಟ್ ಅಂಕ ಬೇಕು, ಅರ್ಜಿಯೂ ಬೇರೆ.

ಕಾಲೇಜಿನ ಬಾಗಿಲಿಗೆ ಹೋಗಿ ಕೈಮುಗಿದರೆ ಸೀಟು ಸಿಗುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ರ್‍ಯಾಂಕು, ಮೀಸಲಾತಿ ಮತ್ತು ತಾವು ಬರೆದುಕೊಟ್ಟ ಆಪ್ಷನ್ ಪಟ್ಟಿ, ಈ ಮೂರನ್ನು ನೋಡಿ ಕಂಪ್ಯೂಟರ್ ಹಂಚುತ್ತದೆ. ರ್‍ಯಾಂಕು ಪರೀಕ್ಷೆಯ ದಿನ ಕೈಬಿಟ್ಟು ಹೋಗಿರುತ್ತದೆ. ಮೀಸಲಾತಿಯ ದಾಖಲೆಗಳು ಮತ್ತು ಆಪ್ಷನ್ ಪಟ್ಟಿ ಮಾತ್ರ ಇನ್ನೂ ತಮ್ಮ ಕೈಯಲ್ಲಿರುತ್ತವೆ.

ಒಂದು ಮನೆಯ ಕಥೆ

ನನ್ನ ಕಾರ್ಯಕ್ಷೇತ್ರದ ಒಂದು ಸಂಘಕ್ಕೆ ದಿನಕ್ಕೆ ಎರಡು ಹೊತ್ತು ಹಾಲು ಹಾಕುವ ಸದಸ್ಯರೊಬ್ಬರಿದ್ದಾರೆ. ಅವರ ಮಗಳು ಚಿಕ್ಕಂದಿನಿಂದ ಕರು ಹಾಕಿಸುವಾಗ ಲಾಟೀನು ಹಿಡಿದು ನಿಂತವಳು. ಪಶುವೈದ್ಯೆ ಆಗಬೇಕೆಂಬುದು ಅವಳ ಆಸೆ. ರ್‍ಯಾಂಕು ಚೆನ್ನಾಗಿಯೇ ಬಂತು. ಆಪ್ಷನ್ ತುಂಬುವ ದಿನ ತಂದೆ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, "ಹತ್ತಿರದ ಕಾಲೇಜುಗಳನ್ನು ಮೇಲೆ ಹಾಕಿ, ದೂರದವು ಕೆಳಗಿರಲಿ, ಬಂದ ಮೇಲೆ ಬೇಕಾದ್ದನ್ನು ಆರಿಸಿಕೊಳ್ಳೋಣ" ಎಂದರು. ಹೆಣ್ಣುಮಗಳು ದೂರ ಹೋಗಬೇಕಲ್ಲ ಎಂಬ ಚಿಂತೆ ಅವರದು. ಹತ್ತಿರದ ತೋಟಗಾರಿಕೆ ಕಾಲೇಜು ಮೊದಲನೆಯ ಸಾಲಿಗೆ ಬಂತು, ಪಶುವೈದ್ಯಕೀಯ ಕಾಲೇಜುಗಳು ಅದರ ಕೆಳಗೆ ಹೋದವು.

ಅಣಕು ಹಂಚಿಕೆಯಲ್ಲಿ ತೋಟಗಾರಿಕೆ ಬಂತು. ಸೀಟು ಬಂತೆಂದು ಮನೆಯವರು ಡೈರಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ನಿಜವಾದ ಹಂಚಿಕೆಯಲ್ಲೂ ಅದೇ ಬಂತು. "ಇನ್ನು ಪಶುವೈದ್ಯಕೀಯ ಆರಿಸಿಕೊಳ್ಳೋಣ" ಎಂದು ಹೋದರೆ ಅದಕ್ಕೆ ದಾರಿಯೇ ಇರಲಿಲ್ಲ. ಆ ವರ್ಷ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಯಿತೆಂಬ ಪಟ್ಟಿ ನೋಡಿದಾಗ ಅವಳ ರ್‍ಯಾಂಕಿಗೆ ಪಶುವೈದ್ಯಕೀಯ ಸಿಗುತ್ತಿತ್ತು.

ತೋಟಗಾರಿಕೆಯೂ ಒಳ್ಳೆಯ ಓದೇ. ಹುಡುಗಿ ಸೇರಿ ಚೆನ್ನಾಗಿ ಓದುತ್ತಿದ್ದಾಳೆ. ಆದರೂ ನಾನು ಅವರ ಕೊಟ್ಟಿಗೆಗೆ ಹೋದಾಗಲೆಲ್ಲ ಆ ತಂದೆ ಒಂದು ಮಾತು ಹೇಳುತ್ತಾರೆ: "ಈ ಹಸುವನ್ನು ಅವಳೇ ನೋಡಬೇಕಿತ್ತು ಸಾರ್." ಈ ಮಾತು ಇನ್ನೊಂದು ಮನೆಯಲ್ಲಿ ಕೇಳಬಾರದೆಂದೇ ಈ ಪಾಠ.

ಆಪ್ಷನ್ ಪಟ್ಟಿ ಹೇಗೆ ಕೆಲಸ ಮಾಡುತ್ತದೆ?

ಕಂಪ್ಯೂಟರ್ ತಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ತಮ್ಮ ಮಗುವಿನ ರ್‍ಯಾಂಕಿಗೆ ಸಿಗುವ ಮೊದಲನೆಯ ಸಾಲಿನಲ್ಲೇ ನಿಲ್ಲುತ್ತದೆ. ಅದಕ್ಕಿಂತ ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. ಮುಂದಿನ ಸುತ್ತುಗಳಲ್ಲೂ ಸಿಕ್ಕಿದ ಸೀಟಿಗಿಂತ ಮೇಲಿನ ಸಾಲುಗಳಿಗೆ ಮಾತ್ರ ಅವಕಾಶ. ಆದ್ದರಿಂದ ಮಗು ನಿಜವಾಗಿ ಬಯಸುವುದು ಮೊದಲನೆಯ ಸಾಲಿನಲ್ಲಿರಬೇಕು. ಸಿಗುವುದು ಕಷ್ಟ ಎಂದು ಅದನ್ನು ಕೆಳಗಿಡಬೇಡಿ. ಮೇಲಿಟ್ಟು ಅದು ಸಿಗದಿದ್ದರೂ ಕೆಳಗಿನ ಸಾಲಿಗೆ ನಷ್ಟವಿಲ್ಲ.

ಹಾಗೆಯೇ, ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಬರೆಯಬೇಡಿ. ಆದರೆ ಎರಡು ಮೂರು ಸಾಲು ಮಾತ್ರ ಬರೆದು ನಿಲ್ಲಿಸುವುದೂ ಸರಿಯಲ್ಲ. ಒಪ್ಪಿಗೆಯಾಗುವಂಥವನ್ನೆಲ್ಲ ಕ್ರಮವಾಗಿ ಬರೆಯಿರಿ. ಹಿಂದಿನ ವರ್ಷದ ಕೊನೆಯ ರ್‍ಯಾಂಕುಗಳ ಪಟ್ಟಿಯನ್ನು ಪ್ರಾಧಿಕಾರ ಪ್ರಕಟಿಸುತ್ತದೆ. ಅದು ಅಂದಾಜಿಗೆ ಮಾತ್ರ, ಭರವಸೆ ಅಲ್ಲ. ಇನ್ನೊಂದು ಮಾತು: ಒಂದೇ ಸಿಇಟಿಗೆ ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಎಂದು ಬೇರೆ ಬೇರೆ ರ್‍ಯಾಂಕು ಬರುತ್ತದೆ. ಒಂದರ ರ್‍ಯಾಂಕು ನೋಡಿ ಇನ್ನೊಂದನ್ನು ಲೆಕ್ಕ ಹಾಕಬೇಡಿ.

ಪಟ್ಟಿಯನ್ನು ಮೊದಲು ಮನೆಯಲ್ಲೇ, ಕಾಗದದ ಮೇಲೆ, ಮಗುವನ್ನು ಜೊತೆಗೆ ಕೂರಿಸಿಕೊಂಡು ಬರೆಯಿರಿ. ಅಂಗಡಿಯಲ್ಲಿ ತುಂಬಿಸಿದ ಮೇಲೆ ಮುದ್ರಿತ ಪ್ರತಿ ತೆಗೆದುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಪಾಸ್‌ವರ್ಡ್ ಮತ್ತು ಮೊಬೈಲಿಗೆ ಬರುವ ಓಟಿಪಿ ಮನೆಯವರಲ್ಲೇ ಇರಲಿ.

ಅಣಕು ಹಂಚಿಕೆ ಎಂದರೇನು?

ಇದು ಗರ್ಭ ಪರೀಕ್ಷೆಗೆ ಮುಂಚಿನ 21 ದಿನದ ಗಮನಿಕೆಯಂತೆ. ಸೀಟು ಸಿಕ್ಕಿತೆಂದು ಇದರ ಅರ್ಥವಲ್ಲ. "ಈಗಿರುವ ಪಟ್ಟಿಗೆ ಈ ಫಲ ಬರಬಹುದು" ಎಂದು ತೋರಿಸುತ್ತದೆ ಅಷ್ಟೇ. ಇದಾದ ಮೇಲೆ ಪಟ್ಟಿಯ ಕ್ರಮ ಬದಲಿಸಲು, ಸಾಲು ಸೇರಿಸಲು, ತೆಗೆಯಲು ಕೆಲವು ದಿನ ಅವಕಾಶವಿರುತ್ತದೆ. ಮೇಲೆ ಹೇಳಿದ ಮನೆಯವರು ಎಚ್ಚರಗೊಳ್ಳಬೇಕಾದ ದಿನ ಇದೇ ಆಗಿತ್ತು. ಅಣಕು ಹಂಚಿಕೆಯಲ್ಲಿ ಬಂದದ್ದನ್ನು ಮಗುವಿಗೆ ತೋರಿಸಿ, "ನಾಳೆ ಇದೇ ಬಂದರೆ ನಿನಗೆ ಸಂತೋಷವೇ?" ಎಂದು ಕೇಳಿ. ಮಗು ಉತ್ತರ ಹೇಳಲು ತಡವರಿಸಿದರೆ ಪಟ್ಟಿಯನ್ನು ಮತ್ತೆ ನೋಡಬೇಕೆಂದು ತಿಳಿಯಿರಿ.

ಸೀಟು ಬಂದ ಮೇಲೆ ನಾಲ್ಕು ದಾರಿ

ನಿಜವಾದ ಹಂಚಿಕೆಯ ನಂತರ ಛಾಯ್ಸ್ ತಿಳಿಸಬೇಕು.

1. ಮೊದಲನೆಯದು: ಈ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇವೆ. ಮುಂದಿನ ಸುತ್ತು ಬೇಡ.
2. ಎರಡನೆಯದು: ಈ ಸೀಟು ಇರಲಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು. ಮೇಲಿನದು ಸಿಕ್ಕಿದರೆ ಹಳೆಯದು ತಾನಾಗಿ ರದ್ದಾಗುತ್ತದೆ. ಸಿಗದಿದ್ದರೆ ಹಳೆಯದೇ ಉಳಿಯುತ್ತದೆ.
3. ಮೂರನೆಯದು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇವೆ. ಬಿಟ್ಟ ಸೀಟು ಬಿಟ್ಟಂತೆಯೇ.
4. ನಾಲ್ಕನೆಯದು: ಈ ಪ್ರಕ್ರಿಯೆಯಿಂದಲೇ ಹೊರಗೆ ಹೋಗುತ್ತೇವೆ.

ಕೈಯಲ್ಲಿರುವುದನ್ನು ಬಿಡದೆ ಮೇಲಿನದಕ್ಕೆ ಕಾಯಬೇಕೆನ್ನುವವರಿಗೆ ಎರಡನೆಯದು ಸೂಕ್ತ. ಏನನ್ನೂ ತಿಳಿಸದೆ, ಶುಲ್ಕ ಕಟ್ಟದೆ ದಿನ ಕಳೆದರೆ ಸೀಟು ಕೈತಪ್ಪುತ್ತದೆ. ಗಡುವು ಕೆಲವೇ ದಿನಗಳದ್ದು. ಹಾಲಿನ ಬಟವಾಡೆ ಬಂದ ಮೇಲೆ ಕಟ್ಟೋಣ ಎಂದು ಮುಂದೂಡಬೇಡಿ. ಶುಲ್ಕದ ಹಣವನ್ನು ಕಾಯುವ ದಿನಗಳಲ್ಲೇ ಹೊಂದಿಸಿಡಿ.

ಕಾಯುವ ದಿನಗಳಲ್ಲಿ ಕಾಗದ ಪತ್ರ

ಜಾತಿ, ಆದಾಯ ಪ್ರಮಾಣ ಪತ್ರಗಳ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆದದ್ದರೊಂದಿಗೆ ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಪ್ರಮಾಣ ಪತ್ರದ ಹೆಸರೂ ಒಂದೇ ಇರಬೇಕು. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಇವಕ್ಕೆ ಶಾಲೆಯಿಂದ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಮಾಡಿಸಿದ ಪತ್ರ ಬೇಕು. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ 371ಜೆ ಪ್ರಮಾಣ ಪತ್ರವೂ ಮುಖ್ಯ.

ನಮ್ಮ ಸದಸ್ಯರು ಮರೆಯಬಾರದ ಇನ್ನೊಂದು ಕೃಷಿಕರ ಕೋಟಾ. ಇದಕ್ಕೆ ತಹಸೀಲ್ದಾರರಿಂದ ನಿಗದಿತ ನಮೂನೆಯ ಪ್ರಮಾಣ ಪತ್ರ ತರಬೇಕು, ಪ್ರಾಯೋಗಿಕ ಪರೀಕ್ಷೆಗೂ ಹೋಗಬೇಕು. ಬೀಜ, ಬೆಳೆ, ಉಪಕರಣಗಳ ಪರಿಚಯ ಅಲ್ಲಿ ಬೇಕಾಗುತ್ತದೆ. ಹೊಲದಲ್ಲಿ ಕೈ ಕೆಸರು ಮಾಡಿಕೊಂಡ ಮಕ್ಕಳಿಗೆ ಇದು ಅನುಕೂಲ. ಆ ದಿನ ತಪ್ಪಿಸಿಕೊಂಡರೆ ಈ ಕೋಟಾದ ಹಕ್ಕೂ ತಪ್ಪುತ್ತದೆ. ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಮಗುವಿನಿಂದ ಒಮ್ಮೆ ಓದಿಸಿ ಕೇಳಿ.

ಗಬ್ಬದ ಹಸು ಮಾರಬೇಡಿ

ಕಾಯುವ ಮನೆಯ ಆತಂಕವನ್ನು ಕಂಡು ದಲ್ಲಾಳಿಗಳು ಬರುತ್ತಾರೆ. "ಸರ್ಕಾರಿ ಸೀಟು ಮಾಡಿಸಿಕೊಡುತ್ತೇವೆ, ಮುಂಗಡ ಕೊಡಿ" ಎನ್ನುತ್ತಾರೆ. ಪ್ರಾಧಿಕಾರದ ಹಂಚಿಕೆ ರ್‍ಯಾಂಕಿನ ಮೇಲೆ ನಡೆಯುತ್ತದೆ, ದಲ್ಲಾಳಿಯ ಮಾತಿನ ಮೇಲಲ್ಲ. ಇವರಿಗೆ ಕೊಡಲು ಹಾಲು ಕೊಡುವ ಹಸುವನ್ನಾಗಲೀ ಗಬ್ಬದ ಕಡಸನ್ನಾಗಲೀ ಮಾರಬೇಡಿ. ಮಗುವಿನ ಹಾಸ್ಟೆಲ್ ಖರ್ಚು ತಿಂಗಳು ತಿಂಗಳು ಬರಬೇಕಾದ್ದು ಆ ಹಸುವಿನ ಹಾಲಿನಿಂದಲೇ. ಪಶುವೈದ್ಯ ಪದವಿ ಕಲಿಕೆ ಹಾಗೂ ತರಬೇತಿ ಸೇರಿ ಐದೂವರೆ ವರ್ಷದ್ದು. ಅಷ್ಟು ಕಾಲವೂ ಕೊಟ್ಟಿಗೆ ನಡೆಯಬೇಕು. ಹಣ ಸಾಲದಿದ್ದರೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ವಿಚಾರಿಸಿ. 7.5 ಲಕ್ಷ ರೂಪಾಯಿವರೆಗೆ ಜಮೀನು ಅಡವಿಡದೆ ಪಡೆಯುವ ವ್ಯವಸ್ಥೆ ಇದೆ. ಸದಸ್ಯರ ಮಕ್ಕಳಿಗೆ ಒಕ್ಕೂಟದಿಂದ ಏನು ನೆರವಿದೆ ಎಂದು ಸಂಘದ ಕಾರ್ಯದರ್ಶಿಗಳನ್ನೂ ಕೇಳಿ.

ಸೀಟು ಬಾರದಿದ್ದರೆ?

ಹಸು ಒಮ್ಮೆ ತಿರುಗಿತೆಂದು ಅದನ್ನು ಕೊಟ್ಟಿಗೆಯಿಂದ ಹೊರಗಟ್ಟುವುದಿಲ್ಲ. ಕಾರಣ ಹುಡುಕಿ ಮುಂದಿನ ಬೆದೆಗೆ ಕಾಯುತ್ತೇವೆ. ಹಸುವಿಗೆ ತೋರುವ ಈ ತಾಳ್ಮೆಯನ್ನು ಮಗುವಿಗೆ ತೋರಲು ಕೆಲವರು ಮರೆಯುತ್ತಾರೆ. ಡೈರಿಯ ಸಾಲಿನಲ್ಲಿ ನಿಂತು, "ಅವರ ಹುಡುಗನಿಗೆ ಬಂತು, ನಮ್ಮದಕ್ಕೆ ಬರಲಿಲ್ಲ" ಎನ್ನುವ ಮಾತು ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ.

ರ್‍ಯಾಂಕು ಒಂದು ವರ್ಷದ ಪರೀಕ್ಷೆಯ ಲೆಕ್ಕ ಮಾತ್ರ. ಡೈರಿ ತಂತ್ರಜ್ಞಾನ, ಮೀನುಗಾರಿಕೆ, ಅರಣ್ಯ, ರೇಷ್ಮೆ, ಕೃಷಿ ಇಂಜಿನಿಯರಿಂಗ್ ಪದವಿಗಳಿವೆ. ಸಾಮಾನ್ಯ ವಿಜ್ಞಾನ ಪದವಿಯೂ ಇದೆ. ಮನಸ್ಸಿದ್ದರೆ ಇನ್ನೊಂದು ವರ್ಷ ಓದಿ ಮತ್ತೆ ಬರೆಯಬಹುದು. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದರೆ ಅಲಕ್ಷ್ಯ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನೆನಪಿಡಿ

- ಮಗು ಬಯಸುವುದು ಪಟ್ಟಿಯಲ್ಲಿ ಮೊದಲು, ಹತ್ತಿರ ದೂರ ಆಮೇಲೆ.
- ಅಣಕು ಹಂಚಿಕೆ ಪಟ್ಟಿ ತಿದ್ದುವುದಕ್ಕೆ, ಸಿಹಿ ಹಂಚುವುದಕ್ಕಲ್ಲ.
- ಗಡುವಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
- ಮೂಲ ದಾಖಲೆ, ಪಾಸ್‌ವರ್ಡ್ ಬೇರೆಯವರ ಕೈಗೆ ಕೊಡಬೇಡಿ.
- ದಲ್ಲಾಳಿಗೆ ಹಣ ಕೊಡಬೇಡಿ, ಹಸು ಮಾರಬೇಡಿ.

ಈ ಪುಟವನ್ನು ಓದಿದ ಮೇಲೆ ಸಂಘದ ಫಲಕಕ್ಕೆ ಅಂಟಿಸಿ. ಪಿಯುಸಿ ಓದುವ ಮಕ್ಕಳಿರುವ ನೆರೆಮನೆಯವರಿಗೂ ತಿಳಿಸಿ. ಬರುವ ಸಂಚಿಕೆಯಲ್ಲಿ ಮಳೆಗಾಲದ ಕೆಚ್ಚಲು ಬಾವಿನ ಬಗ್ಗೆ ನೋಡೋಣ.