ಮನೆ ಕೊಳ್ಳುವ ಮೊದಲು ಓಣಿ ನೋಡು



ಬಾಡಿಗೆ ಮನೆಯ ಕಷ್ಟ ನಿಮಗೆ ಗೊತ್ತು. ಗೋಡೆಗೆ ಮೊಳೆ ಹೊಡೆದರೆ ಮಾಲೀಕರಿಗೆ ಸಿಟ್ಟು. ನೆಂಟರು ಬಂದರೆ ನೀರಿನ ಲೆಕ್ಕ. ವರ್ಷ ತುಂಬಿದರೆ ಬಾಡಿಗೆ ಏರುತ್ತದೆ. "ನಮ್ಮದು ಅಂತ ಒಂದು ಸಣ್ಣ ಮನಿ ಇದ್ದರ ಸಾಕವ್ವ" ಎಂದು ಎಲ್ಲರೂ ಅನ್ನುತ್ತೇವೆ.

ಇವತ್ತಿನ ಪಾಠ ಅದರ ಬಗ್ಗೆ. ಹುಬ್ಬಳ್ಳಿಯ ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನ ಕಥೆ ಇದು. ಹೆಸರು ಬೇಡ. ನಾವೆಲ್ಲ ಅವಳನ್ನು 'ರೊಟ್ಟಿ ಅಕ್ಕ' ಅಂತಲೇ ಕರೆಯುತ್ತೇವೆ.

1. ಸೋವಿ ಪ್ಲಾಟ್

ರೊಟ್ಟಿ ಅಕ್ಕ ನಸುಕಿನಲ್ಲಿ ಏಳುತ್ತಾಳೆ. ಜೋಳದ ರೊಟ್ಟಿ ಬಡಿಯುತ್ತಾಳೆ. ಖಾನಾವಳಿಗೆ ಕೊಟ್ಟು, ಉಳಿದ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ದುರ್ಗದ ಬೈಲಿಗೆ ಹೋಗುತ್ತಾಳೆ. ಗಂಡನಿಗೆ ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ ಕೆಲಸ. ಒಬ್ಬಳೇ ಮಗಳು. ಒಂಬತ್ತನೇ ತರಗತಿ. ಹದಿನೈದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ, ಸಂಘದಲ್ಲಿ ಮತ್ತು ಬ್ಯಾಂಕಿನಲ್ಲಿ 6 ಲಕ್ಷ ರೂಪಾಯಿ ಕೂಡಿಸಿದ್ದರು.

ಒಂದು ಸಂಜೆ ಅಕ್ಕ ಕೇಂದ್ರಕ್ಕೆ ಓಡಿಬಂದಳು. ಕೈಯಲ್ಲಿ ಒಂದು ಕಾಗದ.

"ಅಕ್ಕೋರ, ನಾಳೆ ಇದಕ್ಕ ಸಹಿ ಮಾಡಬೇಕ್ರಿ. ಗುಂಟೆ ಪ್ಲಾಟ್. ಒಂದು ಗುಂಟೆಗೆ ಆರು ಲಕ್ಷ. ಇಷ್ಟು ಸೋವಿ ಎಲ್ಲಿ ಸಿಗತೈತ್ರಿ? ನಾಡಿದ್ದು ರೇಟ್ ಏರತೈತಿ ಅಂತ ಏಜೆಂಟ್ ಹೇಳ್ಯಾನ. ಇವರು ಐದು ಸಾವಿರ ಮುಂಗಡ ಕೊಟ್ಟೂ ಬಿಟ್ಟಾರ."

"ಕಾಗದ ಓದಿದೆಯೇನವ್ವ?" ಎಂದು ಕೇಳಿದೆ.

"ನನಗೆಲ್ಲಿ ತಿಳೀತೈತ್ರಿ ಕೋರ್ಟ್ ಕಾಗದ."

"ಅಕ್ಷರ ಅವೇ ಅಲ್ಲವಾ? ನಿಧಾನಕ್ಕೆ ಓದು. ನಾನೂ ಜೊತೆಗೆ ಕೂಡುತ್ತೇನೆ."

ಅಕ್ಕ ಬೆರಳಿಟ್ಟು ಓದಿದಳು. ನಾಲ್ಕನೇ ಸಾಲಿಗೆ ಬಂದಳು. "ಕೃ... ಷಿ... ಜ... ಮೀ... ನು." ಅಲ್ಲೇ ನಿಂತಳು.

"ಕೃಷಿ ಜಮೀನು ಅಂದ್ರ ಹೊಲ ಅಲ್ಲೇನ್ರಿ? ಅಂವ ಪ್ಲಾಟ್ ಅಂದಿದ್ದ!"

ಮುಂದೆ ಓದಿದೆವು. ಅದು ನೂರು ರೂಪಾಯಿಯ ಛಾಪಾ ಕಾಗದ. ಕ್ರಯಪತ್ರ ಅಲ್ಲ. ಬರೀ ಕರಾರು ಪತ್ರ ಮತ್ತು ಅಧಿಕಾರ ಪತ್ರ. ನೋಂದಣಿಯ ಮಾತೇ ಇರಲಿಲ್ಲ.

2. ಗುಂಟೆ ಪ್ಲಾಟ್ ಅಂದರೆ ಏನು?

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಟ್ಟು 1,089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ.

ಕೆಲವರು ಹೊಲವನ್ನು ಹಾಗೆಯೇ ತುಂಡು ಮಾಡಿ ಮಾರುತ್ತಾರೆ. ಆ ಹೊಲ ಮನೆ ಕಟ್ಟಲು ಪರಿವರ್ತನೆ ಆಗಿರುವುದಿಲ್ಲ. ನಮ್ಮ ಕಡೆ ಇದಕ್ಕೆ 'ಎನ್.ಎ. ಆಗಿಲ್ಲ' ಅನ್ನುತ್ತಾರೆ. ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆಯೂ ಇರುವುದಿಲ್ಲ. ಅದಕ್ಕೇ ರೇಟ್ ಕಡಿಮೆ.

ಆಮೇಲೆ ಏನಾಗುತ್ತದೆ? ಮನೆ ಕಟ್ಟಲು ಪರವಾನಗಿ ಸಿಗುವುದು ಕಷ್ಟ. ಬ್ಯಾಂಕ್ ಸಾಲ ಸಿಗುವುದು ಕಷ್ಟ. ರಸ್ತೆ, ಗಟಾರ, ನಳದ ನೀರು ಯಾವಾಗ ಬರುತ್ತದೋ ಹೇಳುವವರಿಲ್ಲ.

ಅಧಿಕಾರ ಪತ್ರಕ್ಕೆ ಜನ 'ಜಿ.ಪಿ.ಎ.' ಅನ್ನುತ್ತಾರೆ. ಅದರ ಮೇಲೆ ಆಸ್ತಿ ಕೊಂಡರೆ ಆಸ್ತಿ ನಮ್ಮದಾಗುವುದಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನೋಂದಣಿ ಆದ ಕ್ರಯಪತ್ರವೇ ಬೇಕು.

ಮನೆಗೆ ಹೋಗಿ ಅಕ್ಕ ಗಂಡನಿಗೆ ಇದನ್ನೆಲ್ಲ ಹೇಳಿದಳು. ಮೊದಲು ಅವನು ಸಿಟ್ಟಾದ. "ನಾಲ್ಕು ಅಕ್ಷರ ಕಲಿತು ನನಗ ಬುದ್ಧಿ ಹೇಳ್ತಿಯೇನು?" ಅಂದ. ಅಕ್ಕ ಜಗಳ ಆಡಲಿಲ್ಲ. ಮಗಳ ಮುಂದೆ ಕಾಗದ ಇಟ್ಟಳು. "ನೀ ಓದವ್ವ, ಅಪ್ಪಗ ಕೇಳೂ ಹಂಗ" ಅಂದಳು. ಮಗಳು ಓದಿದಳು. ಅಪ್ಪ ಸುಮ್ಮನಾದ.

ಮುಂಗಡದ ಐದು ಸಾವಿರ ಹೋಯಿತು. ತಿರುಗಿ ಬರಲಿಲ್ಲ. ಆದರೆ ಉಳಿದ ಹಣ ಉಳಿಯಿತು.

3. ಎಲ್ಲಿ ಹುಡುಕುವುದು?

ಹುಬ್ಬಳ್ಳಿ ಮತ್ತು ಧಾರವಾಡ ಅವಳಿ ಊರು. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಪಾಲಿಕೆ ಆಯಿತು. ಎರಡೂ ಊರಿನ ನಡುವಿನ ದಾರಿಯಲ್ಲಿ ಉಣಕಲ್, ನವನಗರ, ರಾಯಾಪುರ, ಸತ್ತೂರು ಬರುತ್ತವೆ. 2018ರಿಂದ ಈ ದಾರಿಯಲ್ಲಿ ಚಿಗರಿ ಬಸ್ಸು ಓಡುತ್ತದೆ.

ದೊಡ್ಡ ರಸ್ತೆಗೆ ಹತ್ತಿರ ಇದ್ದರೆ ರೇಟ್ ಹೆಚ್ಚು. ಹತ್ತು ಹದಿನೈದು ನಿಮಿಷ ಒಳಗೆ ನಡೆದರೆ ರೇಟ್ ಇಳಿಯುತ್ತದೆ. ಹೊಸ ಮನೆಗಿಂತ ಹಳೇ ಮನೆ ಅಗ್ಗ. ಇದು ಎಲ್ಲ ಊರಿಗೂ ಹೊಂದುವ ಮಾತು.

ಅಕ್ಕ ಮೊದಲು ತನ್ನ ಸಂಸಾರದ ಕೆಲಸ ಎಲ್ಲೆಲ್ಲಿ ಇದೆ ಅಂತ ಬರೆದಳು. ಗಂಡನ ಕೆಲಸ ಅಮರಗೋಳದಲ್ಲಿ. ಅದಕ್ಕೆ ನವನಗರ ಹತ್ತಿರ. ಅಲ್ಲಿಂದ ದುರ್ಗದ ಬೈಲಿನ ಕಡೆ ಬರಲು ಬಸ್ಸು ಇದೆ. ಮಗಳಿಗೆ ಹೈಸ್ಕೂಲು ಬೇಕು. ಹೀಗೆ ನವನಗರದ ಆಚೀಚೆ ಹುಡುಕೋಣ ಅಂತ ತೀರ್ಮಾನ ಆಯಿತು. ಎರಡು ಮನೆ ಸಿಕ್ಕವು.

4. ಓಣಿ ನೋಡುವ ರೀತಿ

ಏಜೆಂಟ್ ಮನೆ ತೋರಿಸುತ್ತಾನೆ. ಓಣಿ ನಾವೇ ನೋಡಬೇಕು. ಅಕ್ಕ ಒಂದೊಂದು ಓಣಿಗೆ ಮೂರು ಸಲ ಹೋದಳು.

ಮೊದಲ ಸಲ, ಮುಂಜಾನೆ. ನಳದ ಹತ್ತಿರ ನಿಂತಳು. "ಯವ್ವಾ, ನೀರು ಎಷ್ಟು ದಿನಕ್ಕೊಮ್ಮೆ ಬರತೈತಿ?" ಎಂದು ಕೇಳಿದಳು. ನಮ್ಮ ಊರಿನಲ್ಲಿ ಈ ಪ್ರಶ್ನೆ ಬಹಳ ಮುಖ್ಯ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನದ 24 ಗಂಟೆ ನೀರು ಬಂತು. ಆದರೆ ಪಕ್ಕದ ವಾರ್ಡಿನ ಜನ ದಿನಗಟ್ಟಲೆ ಕಾಯುತ್ತಿದ್ದರು. ನೀರು ಓಣಿಯಿಂದ ಓಣಿಗೆ ಬೇರೆ. ಊರಿನ ಹೆಸರು ಕೇಳಿ ನಂಬಬಾರದು. ಕೊಡ ಹಿಡಿದವರನ್ನು ಕೇಳಬೇಕು.

ಎರಡನೇ ಸಲ, ಸಂಜೆ ಏಳರ ಮೇಲೆ. ಬೀದಿ ದೀಪ ಹತ್ತಿದೆಯಾ? ಬಸ್ ಸ್ಟಾಪಿನಿಂದ ಮನೆವರೆಗೆ ಮಗಳು ಒಬ್ಬಳೇ ನಡೆದು ಬರಬಹುದಾ? ಮೊದಲ ಓಣಿಯಲ್ಲಿ ತಿರುವಿನ ಮೇಲೇ ಸಾರಾಯಿ ಅಂಗಡಿ ಇತ್ತು. ಹೆಂಗಸರು ಬಾಗಿಲು ಹಾಕಿಕೊಂಡಿದ್ದರು. ಎರಡನೇ ಓಣಿಯಲ್ಲಿ ಒಂದು ಬೇವಿನ ಗಿಡ. ಅದರ ಕೆಳಗೆ ಕಟ್ಟೆ. ನಾಲ್ಕು ಹೆಂಗಸರು ಕುಳಿತು ಪಲ್ಯದ ಸೊಪ್ಪು ಸೋಸುತ್ತಿದ್ದರು. ಹುಡುಗರು ಆಡುತ್ತಿದ್ದರು. ಕತ್ತಲಾದ ಮೇಲೂ ಹೆಂಗಸರು ಕಟ್ಟೆಯ ಮೇಲೆ ನಿಶ್ಚಿಂತೆಯಿಂದ ಕೂಡುವ ಓಣಿ ಒಳ್ಳೆಯ ಓಣಿ. ಇದನ್ನು ಯಾವ ಕಾಗದವೂ ಹೇಳುವುದಿಲ್ಲ.

ಮೂರನೇ ಸಲ, ಮಳೆ ಬಂದ ಮರುದಿನ. ಗಟಾರ ತುಂಬಿದೆಯಾ? ಮನೆಯೊಳಗೆ ನೀರು ಬಂದಿದೆಯಾ? ಗೋಡೆಯ ಬುಡದಲ್ಲಿ ಕಲೆ ಇದ್ದರೆ ಅಲ್ಲಿವರೆಗೆ ನೀರು ಬಂದಿರಬಹುದು ಅಂತ ತಿಳಿಯಿರಿ.

5. ರೇಟ್ ಬೇರೆ, ಖರ್ಚು ಬೇರೆ

ಮೊದಲ ಮನೆಗೆ 9 ಲಕ್ಷ. ಎರಡನೇ ಮನೆಗೆ 10 ಲಕ್ಷ. ಎರಡೂ ಹಳೇ ಮನೆ, ಎರಡೆರಡು ಕೋಣೆ. "ಒಂದು ಲಕ್ಷ ಉಳಿತಾಯ ಆಗತೈತಿ, ಮೊದಲನೇದ್ದು ತಗೊಳ್ಳೋಣ" ಎಂದ ಗಂಡ. ಅಕ್ಕ ಪಾಟಿ ತೆಗೆದಳು. ತಿಂಗಳ ಖರ್ಚು ಬರೆದಳು.

ಮೊದಲ ಮನೆ: ಬಸ್ಸು ದೂರ. ಆಟೋಗೆ 1,500 ರೂಪಾಯಿ. ಟ್ಯಾಂಕರ್ ನೀರಿಗೆ 700 ರೂಪಾಯಿ. ಒಟ್ಟು 2,200.

ಎರಡನೇ ಮನೆ: ಬಸ್ಸು ಹತ್ತಿರ. ನಳದ ನೀರಿಗೆ 200 ರೂಪಾಯಿ. ಅಕ್ಕನಿಗೆ ಬಸ್ಸಿನ ಖರ್ಚು ಇಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಎ.ಸಿ. ಬಸ್ಸಿಗೆ ದುಡ್ಡು ಕೊಡಬೇಕು.

ತಿಂಗಳಿಗೆ 2,000 ರೂಪಾಯಿ ವ್ಯತ್ಯಾಸ. ವರ್ಷಕ್ಕೆ 24,000. ನಾಲ್ಕು ವರ್ಷ ಎರಡು ತಿಂಗಳಿಗೆ ಆ ಒಂದು ಲಕ್ಷ ಕರಗಿ ಹೋಗುತ್ತದೆ. ಆಮೇಲೆ ಸೋವಿ ಮನೆಯೇ ತುಟ್ಟಿ.

ಇನ್ನೊಂದು ಖರ್ಚು ಮರೆಯಬೇಡಿ. ನೋಂದಣಿಯ ಖರ್ಚು ಕೊಳ್ಳುವವರದು. ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಸೆಸ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 2. 10 ಲಕ್ಷದ ಮನೆಗೆ ಎಲ್ಲ ಸೇರಿ ಸುಮಾರು 76,000 ರೂಪಾಯಿ ಆಗುತ್ತದೆ.

ಅಕ್ಕನಿಗೆ 5 ಲಕ್ಷ ಸಾಲ ಬೇಕಾಯಿತು. ಬ್ಯಾಂಕಿನವರು ವರ್ಷಕ್ಕೆ ನೂರಕ್ಕೆ 9 ಬಡ್ಡಿ ಹೇಳಿದರು. 15 ವರ್ಷದ ಕಂತು. ತಿಂಗಳಿಗೆ ಸುಮಾರು 5,070 ರೂಪಾಯಿ. ಈಗಿನ ಬಾಡಿಗೆ 4,500. "ಐನೂರಾ ಎಪ್ಪತ್ತು ಹೆಚ್ಚಾತು. ದಿನಾ ನಾಲ್ಕು ರೊಟ್ಟಿ ಹೆಚ್ಚಿಗೆ ಬಡೀತೀನಿ" ಅಂದಳು ಅಕ್ಕ. ಆದರೆ 15 ವರ್ಷಕ್ಕೆ ಕಟ್ಟುವ ಒಟ್ಟು ಹಣ 9 ಲಕ್ಷ 12 ಸಾವಿರ ದಾಟುತ್ತದೆ. ಇದನ್ನೂ ತಿಳಿದೇ ಸಾಲ ಮಾಡಬೇಕು. ನಡುವೆ ಹಣ ಬಂದರೆ ಬೇಗ ತೀರಿಸಬೇಕು.

6. ಕಾಗದ ನೋಡುವ ರೀತಿ

ಓಣಿ ಒಪ್ಪಿಗೆ ಆದ ಮೇಲೆ ಕಾಗದ. ಈ ನಾಲ್ಕು ಕಾಗದ ಕೇಳಿ.

ಒಂದು, ಮಾರುವವರ ಹಳೇ ಕ್ರಯಪತ್ರ. ಅವರಿಗೆ ಮನೆ ಹೇಗೆ ಬಂತು ಅಂತ ಇದರಲ್ಲಿ ಇರುತ್ತದೆ. ತಂದೆಯಿಂದ ಬಂದ ಆಸ್ತಿಯಾದರೆ ಅಕ್ಕ ತಂಗಿಯರ ಪಾಲೂ ಇರಬಹುದು. ಅವರ ಸಹಿಯೂ ಬೇಕಾಗುತ್ತದೆ.

ಎರಡು, ಖಾತೆ. ಮಾರುವವರ ಹೆಸರಿನಲ್ಲೇ ಇರಬೇಕು. 2024ರ ಅಕ್ಟೋಬರ್‌ನಿಂದ ಪಟ್ಟಣಗಳಲ್ಲಿ ನೋಂದಣಿಗೆ ಇ-ಖಾತೆ ಬೇಕು. ಅದು 'ಎ' ಖಾತೆಯೋ 'ಬಿ' ಖಾತೆಯೋ ನೋಡಿ. 'ಬಿ' ಖಾತೆ ಇದ್ದ ಮಾತ್ರಕ್ಕೆ ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಅಂತ ಅರ್ಥ ಅಲ್ಲ.

ಮೂರು, ಎನ್.ಎ. ಆದೇಶ ಮತ್ತು ಒಪ್ಪಿಗೆ ಪಡೆದ ಬಡಾವಣೆ ನಕ್ಷೆ.

ನಾಲ್ಕು, ಋಣಭಾರ ಪತ್ರ. ಜನ ಇದಕ್ಕೆ 'ಇ.ಸಿ.' ಅನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಸರ್ಕಾರದ 'ಕಾವೇರಿ' ತಾಣದಲ್ಲೂ ಸಿಗುತ್ತದೆ. ನೋಂದಣಿ ಆದ ಮಾರಾಟ, ಅಡಮಾನ ಇದರಲ್ಲಿ ತಿಳಿಯುತ್ತದೆ.

ಅಕ್ಕ ಒಪ್ಪಿದ ಮನೆಯ ಇ.ಸಿ.ಯಲ್ಲಿ ಒಂದು ಹಳೇ ಅಡಮಾನ ಕಂಡಿತು. ಮಾರುವವರು ಅದನ್ನು ಹೇಳಿರಲಿಲ್ಲ. "ಮೊದಲು ಸಾಲ ತೀರಿಸಿ, ಆ ಕಾಗದ ತೋರಸ್ರಿ. ಆಮೇಲೆ ನಮ್ಮ ಹಣ" ಅಂದಳು ಅಕ್ಕ. ಎರಡು ತಿಂಗಳು ಕಾಯಬೇಕಾಯಿತು. ಕಾದಳು.

ಕಾಗದ ತಿಳಿಯದಿದ್ದರೆ ವಕೀಲರಿಗೆ ತೋರಿಸಿ. ದುಡ್ಡಿಲ್ಲ ಅಂತ ಹೆದರಬೇಡಿ. 1987ರ ಕಾನೂನಿನಂತೆ ಎಲ್ಲ ಹೆಂಗಸರಿಗೂ ಉಚಿತ ಕಾನೂನು ನೆರವು ಇದೆ. ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಫೋನ್ ಮಾಡಲು 15100.

7. ಹೆಸರು ಯಾರದು?

ನೋಂದಣಿಗೆ ಮೊದಲು ಅಕ್ಕ ಒಂದು ಮಾತು ಹೇಳಿದಳು. "ದುಡ್ಡು ಇಬ್ಬರದು. ಹೆಸರೂ ಇಬ್ಬರದಿರಲಿ." ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆತು, ನಿನ್ನ ಹೆಸರು ಮೊದಲು ಬರಸು" ಅಂದ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕ ಕ್ರಯಪತ್ರವನ್ನು ಮೊದಲಿಂದ ಕೊನೆವರೆಗೆ ಓದಿದಳು. ಅರ್ಧ ಗಂಟೆ ಹಿಡಿಯಿತು. ಹಿಂದಿನವರು ಗೊಣಗಿದರು. ಅಕ್ಕ ತಲೆ ಎತ್ತಲಿಲ್ಲ. ಮನೆಯ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಹಣ, ಹೆಸರು, ಎಲ್ಲ ಸರಿ ಇತ್ತು. ಆಮೇಲೆ ಸಹಿ ಮಾಡಿದಳು.

ಮರುದಿನ ಕೇಂದ್ರಕ್ಕೆ ಪೇಡೆ ತಂದಳು. ನಗುತ್ತಾ ಹೇಳಿದಳು. "ಅಕ್ಕೋರ, ಅಲ್ಲಿ ಎಲ್ಲಾರ ಹೆಬ್ಬೆಟ್ಟೂ ತಗೋತಾರ್ರಿ. ಓದಿದವರದೂ ತಗೋತಾರ. ಆದರ ನಾ ಹೆಬ್ಬೆಟ್ಟು ಒತ್ತಿದ್ದು ಓದಿದ ಮ್ಯಾಲ."

ಹೊಸ ಪದಗಳು

ಕ್ರಯಪತ್ರ: ಮಾರಾಟದ ಕಾಗದ.
ಋಣಭಾರ: ಆಸ್ತಿಯ ಮೇಲಿನ ಸಾಲದ ಹೊರೆ.
ಅಡಮಾನ: ಸಾಲಕ್ಕೆ ಆಸ್ತಿಯನ್ನು ಒತ್ತೆ ಇಡುವುದು.
ಚೆಕ್ಕುಬಂದಿ: ಮನೆಯ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ.

ಉತ್ತರ ಹೇಳಿ

1. ಅಕ್ಕ ಕಾಗದದ ಯಾವ ಮಾತು ಓದಿ ನಿಂತಳು? ಯಾಕೆ?
2. ಓಣಿ ನೋಡಲು ಯಾವ ಮೂರು ಹೊತ್ತಿನಲ್ಲಿ ಹೋಗಬೇಕು?
3. ನಿಮ್ಮ ಓಣಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬರೆಯಿರಿ.

ಲೆಕ್ಕ ಮಾಡಿ

ಒಂದು ಮನೆಗೆ ತಿಂಗಳ ಖರ್ಚು 1,800 ರೂಪಾಯಿ. ಇನ್ನೊಂದಕ್ಕೆ 600 ರೂಪಾಯಿ. ಐದು ವರ್ಷಕ್ಕೆ ಎಷ್ಟು ವ್ಯತ್ಯಾಸ?

ಮನೆಗೆ ಹೋಗಿ ಮಾಡಿ

ನಿಮ್ಮ ಮನೆಯ ಬಾಡಿಗೆ ಕರಾರು, ಖಾತೆ ಅಥವಾ ಕರದ ರಸೀದಿ ತೆಗೆಯಿರಿ. ಅದರಲ್ಲಿ ಯಾರ ಹೆಸರಿದೆ? ನೀವೇ ಓದಿ ನೋಡಿ.