ಚಾಕು ಮಸೆಯುವುದನ್ನು ನಾವೇ ಕಲಿಯೋಣ



ಹಲಸಿನ ಕಾಲ ಬಂತೆಂದರೆ ಕಳಸ, ಮೂಡಿಗೆರೆ ಕಡೆ ಮನೆಮನೆಯಲ್ಲೂ ಹಪ್ಪಳ, ಚಿಪ್ಸಿನ ಕೆಲಸ. ಆಗ ಸಭೆಗೆ ಬಂದವರಲ್ಲಿ ಯಾರಾದರೊಬ್ಬರ ಬೆರಳಿಗೆ ಬಟ್ಟೆ ಸುತ್ತಿರುವುದನ್ನು ನಾವು ನೋಡುತ್ತೇವೆ. "ಚಾಕು ತುಂಬಾ ಹರಿತ ಇತ್ತಾ ಅಕ್ಕಾ?" ಎಂದು ಕೇಳಿದರೆ, "ಎಲ್ಲಿಯ ಹರಿತ! ಮೊಂಡು ಚಾಕು. ಒತ್ತಿ ಹಿಡಿದೆ, ಜಾರಿಬಿಡ್ತು" ಎನ್ನುತ್ತಾರೆ. ಹರಿತ ಚಾಕು ನಾವು ಇಟ್ಟ ಕಡೆ ಕೊಯ್ಯುತ್ತದೆ. ಮೊಂಡು ಚಾಕುವಿಗೆ ಬಲ ಹಾಕಬೇಕು, ಆ ಬಲಕ್ಕೆ ಅದು ಎತ್ತ ಜಾರುತ್ತದೋ ಹೇಳಲಾಗದು. ಕಾಫಿ ಕೊಯ್ಲಿನ ದಿನಗಳಲ್ಲಿ ಬೆರಳು ಕೊಯ್ದುಕೊಂಡರೆ ಕೂಲಿಯೂ ಹೋಯಿತು, ಆ ವಾರದ ಉಳಿತಾಯವೂ ಹೋಯಿತು.

ಹಾಗಿದ್ದರೂ ನಾವು ಮಸೆಯುವುದಿಲ್ಲ, ಯಾಕೆ? ಮಸೆಯುವುದು ಗಂಡಸರ ಕೆಲಸ ಅಂತ ಬಿಟ್ಟಿದ್ದೇವೆ. ಮನೆಯವರು ತಮ್ಮ ಕತ್ತಿಯನ್ನು ದಿನಾ ಮಸೆದುಕೊಂಡು ಮರಗಸಿಗೆ ಹೋಗುತ್ತಾರೆ, ಅಡಿಗೆಮನೆಯ ಚಾಕು ಮಾತ್ರ "ನಾಳೆ ನೋಡೋಣ". ಸಾಣೆ ಹಿಡಿಯುವವರು ಎಸ್ಟೇಟ್ ಲೈನಿನವರೆಗೆ ಬರುವುದೂ ಅಪರೂಪ. ಪೇಟೆಯಲ್ಲಿ ಕರೆಂಟಿನ ಚಕ್ರಕ್ಕೆ ಕೊಟ್ಟರೆ ಬೇಗ ಆಗುತ್ತದೆ ನಿಜ. ಆದರೆ ಕಿಡಿ ಹಾರಿಸಿ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಜಾಗ ಸುಮಾರು 300 ಡಿಗ್ರಿ ಕಾದು ಮೆತ್ತಗಾಗಿದೆ ಎಂದು ಅರ್ಥ. ಅಂಥ ಚಾಕು ನಾಲ್ಕು ದಿನಕ್ಕೆ ಮತ್ತೆ ಮೊಂಡು.

ಮಸೆಯುವುದರಲ್ಲಿ ಗುಟ್ಟು ಒಂದೇ: ಕಲ್ಲಿನ ಮೇಲೆ ಚಾಕು ಎಷ್ಟು ಓರೆಯಾಗಿರಬೇಕೋ ಅಷ್ಟೇ ಓರೆ ಮೊದಲಿನಿಂದ ಕೊನೆಯವರೆಗೆ ಇರಬೇಕು. ಅಡಿಗೆ ಚಾಕುವಿಗೆ ಸುಮಾರು 20 ಡಿಗ್ರಿ ಸಾಕು. ಡಿಗ್ರಿ ಅಂದರೆ ಹೆದರಬೇಡಿ. ಒಂದು ಕಾಗದದ ಮೂಲೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ, ಇನ್ನೊಂದು ಸಲ ಹಾಗೇ ಮಡಿಸಿ. ಆ ಚೂಪು ಮೂಲೆ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಸುಲಭದ ಲೆಕ್ಕ ಬೇಕೆಂದರೆ, ಚಾಕುವಿನ ಬೆನ್ನು ಕಲ್ಲಿನಿಂದ ಅಲಗಿನ ಅಗಲದ ಮೂರರಲ್ಲೊಂದು ಪಾಲು ಮೇಲಿರಲಿ. ಅಲಗು 3 ಸೆಂಟಿಮೀಟರ್ ಅಗಲ ಇದ್ದರೆ ಬೆನ್ನು 1 ಸೆಂಟಿಮೀಟರ್ ಎತ್ತರ.

ಕೈ ಅಲುಗಾಡುತ್ತದೆ ಎನ್ನುವವರಿಗೆ ಈಗ ಒಂದು ಸೆಟ್ ಸಿಗುತ್ತದೆ. ಅದರಲ್ಲಿ ಚಾಕುವನ್ನು ಕ್ಲಾಂಪಿನಲ್ಲಿ ಬಿಗಿಯುತ್ತಾರೆ. ಕಲ್ಲು ಒಂದು ಉದ್ದ ಕಡ್ಡಿಗೆ ಸೇರಿರುತ್ತದೆ, ಕಡ್ಡಿ ಎದುರಿನ ಕಂಬದ ತೂತಿನಲ್ಲಿ ಹಿಂದೆ ಮುಂದೆ ಓಡುತ್ತದೆ. ತೂತನ್ನು ಮೇಲೆ ಕೆಳಗೆ ಮಾಡಿದರೆ ಓರೆ ಬದಲಾಗುತ್ತದೆ. ಒಮ್ಮೆ ತಿರುಪು ಬಿಗಿದ ಮೇಲೆ ಕೈ ನಡುಗಿದರೂ ಓರೆ ತಪ್ಪದು. ಕಲ್ಲುಗಳ ಮೇಲೆ 120, 320, 600 ಎಂದೆಲ್ಲ ಬರೆದಿರುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ. ತೀರಾ ಮೊಂಡಾದದ್ದಕ್ಕೆ ಮಾತ್ರ ಒರಟು ಕಲ್ಲಿನಿಂದ ಶುರುಮಾಡಿ.

ಈಗ ಕೆಲಸಕ್ಕೆ ಬರೋಣ. ಮೊದಲು ಹಲಸಿನ ಮೇಣವನ್ನು ತೆಂಗಿನೆಣ್ಣೆ ಹಚ್ಚಿ ಒರೆಸಿ, ಸೋಪಿನಿಂದ ತೊಳೆಯಿರಿ. ಮೇಣ ಕಲ್ಲಿಗೆ ಹತ್ತಿದರೆ ಕಲ್ಲೂ ಕೆಟ್ಟಿತು. ಅಂಚಿನ ಉದ್ದಕ್ಕೂ ಮಕ್ಕಳ ಸ್ಕೆಚ್ ಪೆನ್ನಿನಿಂದ ಗೆರೆ ಬಳಿಯಿರಿ. ಕಲ್ಲಿಗೆ ನೀರು ಹಾಕಿ ನಾಲ್ಕು ಸಲ ಮೆಲ್ಲಗೆ ಉಜ್ಜಿ ನೋಡಿ. ಅಂಚಿನ ತುದಿಯ ಬಣ್ಣ ಹೋಗದೆ ಮೇಲಿನದು ಮಾತ್ರ ಹೋದರೆ ಓರೆ ಕಡಿಮೆಯಾಗಿದೆ, ಬೆನ್ನು ಸ್ವಲ್ಪ ಎತ್ತಬೇಕು. ತುದಿಯದು ಮಾತ್ರ ಹೋದರೆ ಓರೆ ಜಾಸ್ತಿ. ನಮಗೆ ಇದಕ್ಕಿಂತ ಒಳ್ಳೆಯ ಗುರು ಸಿಕ್ಕಿಲ್ಲ.

ಒಂದೇ ಪಕ್ಕವನ್ನು ಹಿಡಿಯಿಂದ ತುದಿಯವರೆಗೆ ಉಜ್ಜುತ್ತಾ ಹೋದರೆ ಎದುರು ಪಕ್ಕದ ಅಂಚಿನಲ್ಲಿ ಸಣ್ಣ ಮಡಿಕೆ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಹಗುರವಾಗಿ ಎಳೆದರೆ ಗರಗರ ಅನ್ನಿಸುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಓಡಿಸಬೇಡಿ! ಮಡಿಕೆ ಪೂರ್ತಿ ಎದ್ದ ಮೇಲೆಯೇ ಪಕ್ಕ ಬದಲಿಸಿ. ಎಷ್ಟೋ ಜನ ಇಷ್ಟು ಕಾಯದೆ, "ಎಷ್ಟು ಮಸೆದರೂ ಹರಿತ ಆಗಲ್ಲ" ಎಂದು ಬೇಸರಪಡುತ್ತಾರೆ. ಕೊನೆಗೆ ನಯದ ಕಲ್ಲಿನ ಮೇಲೆ ಎರಡೂ ಪಕ್ಕ ಒಂದೊಂದು ಸಲ, ಭಾರ ಹಾಕದೆ. ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದರೆ ಉಳಿದ ಮಡಿಕೆಯೂ ಹೋಗುತ್ತದೆ. ಹಣ್ಣು ಟೊಮೆಟೊದ ಮೇಲೆ ಒತ್ತದೆ ಎಳೆಯಿರಿ. ಸಿಪ್ಪೆ ಜಾರದೆ ಕೊಯ್ದರೆ ಆಯ್ತು.

ಕತ್ತಿ ಈ ಸೆಟ್ಟಿನಲ್ಲಿ ಕೂರುವುದಿಲ್ಲ. ಅದನ್ನು ಮಣೆಗೆ ಒತ್ತಿ ಹಿಡಿದು ಕಲ್ಲನ್ನೇ ಆಡಿಸಿ. ಕಟ್ಟಿಗೆ ಕಡಿಯುವ ಅಂಚಿಗೆ 25ರಿಂದ 30 ಡಿಗ್ರಿ ಬೇಕು, ತೆಳ್ಳಗೆ ಮಾಡಿದರೆ ಹಲ್ಲು ಬೀಳುತ್ತದೆ. ಗಿಡಕಸಿಯ ಕತ್ತರಿಗೆ ಓರೆ ಇರುವ ಹೊರಪಕ್ಕ ಮಾತ್ರ ಮಸೆಯಿರಿ. ಚಪ್ಪಟೆ ಪಕ್ಕ ಮಸೆದರೆ ಎರಡು ಅಲಗಿನ ನಡುವೆ ಸಂದು ಬಿದ್ದು, ಕಾಫಿ ರೆಂಬೆ ತುಂಡಾಗುವ ಬದಲು ಜಜ್ಜಿ ಸಿಪ್ಪೆ ಸುಲಿಯುತ್ತದೆ. ಹಲ್ಲಿನ ಕುಡುಗೋಲನ್ನು ಚಪ್ಪಟೆ ಕಲ್ಲಿಗೆ ಹಿಡಿಯಲೇಬೇಡಿ.

ಪ್ರತಿ ಮನೆಗೂ ಸೆಟ್ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ, ಅದಕ್ಕಾಗಿ ಸಾಲವಂತೂ ಬೇಡವೇ ಬೇಡ. ಮನೆಗೊಂದು ಎರಡು ಮುಖದ ಸಾಣೆಕಲ್ಲು, ಹಪ್ಪಳ ಚಿಪ್ಸು ಮಾಡುವ ಸಂಘಕ್ಕೆ ಒಂದು ಸೆಟ್ ಸಾಕು. ಮಸೆಯುವಾಗ ಮಕ್ಕಳು ಹತ್ತಿರ ಇರಬಾರದು, ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಇರಲಿ. ಕೈ ಕೊಯ್ದರೆ ಅರಿಶಿನ, ಕಾಫಿಪುಡಿ ಮೆತ್ತದೆ ನೀರು ಸೋಪಿನಲ್ಲಿ ತೊಳೆದು, ಒತ್ತಿ ಹಿಡಿದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ಕೇಳಿ.

ಮುಂದಿನ ಸಭೆಗೆ ಬರುವಾಗ ಎಲ್ಲರೂ ತಮ್ಮ ಅತೀ ಮೊಂಡು ಚಾಕುವನ್ನು ಕಾಗದದಲ್ಲಿ ಸುತ್ತಿ ತನ್ನಿ, ಒಬ್ಬರು ಎರಡು ಟೊಮೆಟೊ ತನ್ನಿ.